ಮದಕದ ಸೂಕ್ಷ್ಮಜೀವಿಗಳೂ ಲೋಹದ ನ್ಯಾನೊ ಕಣಗಳೂ

ಮುಂಗಾರು ಹಿಡಿಯುವ ಮುನ್ನ ಅಡಿಕೆ ತೋಟಕ್ಕೆ ಒಂದು ಸಲ ಮದ್ದು ಬಿಟ್ಟು, ನಲುವತ್ತು ನಲುವತ್ತೈದು ದಿನಗಳ ಮೇಲೆ ಇನ್ನೊಂದು ಸಲ ಬಿಡುವುದು ಕಾಸರಗೋಡು ಸೀಮೆಯಲ್ಲಿ ಎಲ್ಲರೂ ಬಲ್ಲ ಕ್ರಮ. ಮಂಜೇಶ್ವರದ ಕಡೆಯ ಕೃಷಿಕರೊಬ್ಬರು ಇದೇ ವಿಚಾರವಾಗಿ ನಮಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿರುವರು. ಅಂಗಡಿಯಲ್ಲಿ ನ್ಯಾನೊ ತಾಮ್ರವೆಂಬ ದ್ರವ ಬಂದಿದೆಯಂತೆ. ಮೈಲುತುತ್ತು ಸುಣ್ಣಗಳ ರಗಳೆಯಿಲ್ಲದೆ ಇದನ್ನೇ ಬಿಟ್ಟರೆ ಸಾಲದೇ ಎಂಬುದು ಮೊದಲನೆಯದು. ಕಣವು ಅಷ್ಟು ಸಣ್ಣದಾಗಿದ್ದರೆ ಮದ್ದಿನ ಡ್ರಮ್ಮು ತೊಳೆದ ನೀರಿನೊಡನೆ ಮದಕಕ್ಕೆ ಹೋಗಿ ಅದು ಎಲ್ಲಿ ಸೇರುತ್ತದೆ, ಹರಿದು ಹೋಗುತ್ತದೆಯೇ, ಮೀನಿನ ಹೊಟ್ಟೆಗೆ ಹೋಗುತ್ತದೆಯೇ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನ್ಯಾನೊ ಸತು, ನ್ಯಾನೊ ತಾಮ್ರ ಎಂಬ ದ್ರವಗಳಿಗೆ ಭಾರತ ಸರ್ಕಾರ 2024ರಲ್ಲಿ ಅನುಮತಿಯಿತ್ತದ್ದು ರಸಗೊಬ್ಬರ ನಿಯಂತ್ರಣ ಆಜ್ಞೆಯ ಅಡಿಯಲ್ಲಿ. ಅಂದರೆ ಗಿಡಕ್ಕೆ ಪೋಷಣೆಯಾಗಿ. ಕೊಳೆರೋಗದ ಮದ್ದು ಎಂದು ಕೊಟ್ಟ ಅನುಮತಿ ಅದಲ್ಲ. ಆದಕಾರಣ ಬೋರ್ಡೋ ದ್ರಾವಣವನ್ನು ಬಿಟ್ಟು ಇದನ್ನು ಹಿಡಿಯಿರೆಂದು ನಾವು ಹೇಳಲಾರೆವು.

ಎರಡನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ನೀರಿಗೆ ಬಿದ್ದ ಲೋಹದ ಕಣವು ಮೀನಿಗೆ ಮುಟ್ಟುವ ಮೊದಲೇ ಕಣ್ಣಿಗೆ ಕಾಣದ ಒಂದು ದೊಡ್ಡ ಸಂಸಾರದ ಕೈಗೆ ಸಿಕ್ಕುತ್ತದೆ. ಒಂದೇ ಒಂದು ಜೀವಕೋಶವನ್ನೇ ದೇಹವನ್ನಾಗಿ ಮಾಡಿಕೊಂಡು ಬಾಳುವ ಪಾಚಿಗಳು ಮತ್ತು ಸೂಕ್ಷ್ಮ ಪ್ರಾಣಿಗಳ ಸಂಸಾರವದು. ಕೆರೆ, ಮದಕ, ತೋಡು, ಗದ್ದೆ, ಎಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಇವು ಉಂಟು. ಮೀನಿನ ಮರಿಗೆ ಮೊದಲ ಆಹಾರ ಒದಗುವುದು ಇವುಗಳಿಂದ. ಕೊಳೆತು ನಾರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಿಂದು ನೀರನ್ನು ತಿಳಿಗೊಳಿಸುವವೂ ಇವೇ. ಭತ್ತದ ಗದ್ದೆಯ ನೀಲಿ-ಹಸುರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುತ್ತದೆಂದು ಪಿ. ಕೆ. ಡೇ ಅವರು 1939ರಲ್ಲಿಯೇ ತೋರಿಸಿಕೊಟ್ಟರು. ಈ ಪಾಚಿಗೆ ತಾಮ್ರವೆಂದರೆ ಆಗದು. ತೋಟ ಮೇಲೆ, ಗದ್ದೆ ಕೆಳಗೆ ಇರುವ ನಮ್ಮ ಸೀಮೆಯಲ್ಲಿ, ಗದ್ದೆ ಎಂಬುದು ಇನ್ನೂ ಉಳಿದಿರುವವರು ಇದನ್ನು ಗಮನಿಸಬೇಕು.

ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟ ಕತೆಯನ್ನು ಎಣ್ಮಕಜೆಯವರಿಗೆ ನಾವು ಹೇಳಬೇಕಾಗಿಲ್ಲ. ಅದು ಲೋಹವಲ್ಲ, ನ್ಯಾನೊ ಕಣವೂ ಅಲ್ಲ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೆ ಮೇಲಿನಿಂದ ಬಿಟ್ಟದ್ದು ಕೆಳಗೆ ಎಲ್ಲಿಗೆ ಹೋಯಿತು ಎಂದು ಆಗ ಮೊದಲೇ ಕೇಳಿದವರು ಕಡಿಮೆ. ಈ ಕೃಷಿಕರು ಮೊದಲೇ ಕೇಳಿರುವರು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಗಾತ್ರದ ಲೆಕ್ಕ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. 1ರಿಂದ 100 ನ್ಯಾನೊಮೀಟರ್ ಒಳಗಿನ ಕಣಗಳನ್ನು ನ್ಯಾನೊ ಕಣಗಳೆನ್ನುವರು. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಅಂಕೆಗಳಿಂದ ಇದು ಮನಸ್ಸಿಗೆ ಹತ್ತುವುದು ಕಷ್ಟ. ಹೀಗೆ ಭಾವಿಸಿ ನೋಡಬಹುದು. 20 ನ್ಯಾನೊಮೀಟರಿನ ಒಂದು ತಾಮ್ರದ ಕಣವನ್ನು ಮೂರು ಸೆಂಟಿಮೀಟರಿನ ಅಡಿಕೆಯೆಂದುಕೊಂಡರೆ, ಹಸುರು ಪಾಚಿಯಾದ ಕ್ಲಾಮಿಡೊಮೊನಾಸಿನ ಒಂದು ಕೋಶವು ಹದಿನೈದು ಮೀಟರ್ ಅಗಲದ ಅಂಗಳವಾಗುತ್ತದೆ. ಮದಕದ ನೀರಿನಲ್ಲಿ ಈಜುವ ಪ್ಯಾರಮೀಸಿಯಂ ಎಂಬ ಚಪ್ಪಲಿಯಾಕಾರದ ಜೀವಿ ಮುನ್ನೂರು ಮೀಟರ್ ಉದ್ದದ ತೋಟವಾಗುತ್ತದೆ. ನಿಜದಲ್ಲಿ ಆ ಪ್ಯಾರಮೀಸಿಯಂ ಮಿಲಿಮೀಟರಿನ ಹತ್ತರಲ್ಲೊಂದರಿಂದ ಹತ್ತರಲ್ಲಿ ಮೂರು ಪಾಲಿನಷ್ಟೇ ಉದ್ದ. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಕಣ್ಣು ಚುರುಕಾದವರಿಗೆ ಬಿಳಿಯ ಚುಕ್ಕೆಯಾಗಿ ಕಂಡೀತು.

ಸಣ್ಣದು ಮಾಡುವುದರಿಂದ ಏನಾಗುತ್ತದೆ? ತಾಮ್ರ ತಾಮ್ರವೇ ಅಲ್ಲವೇ? ಹೌದು, ಆದರೆ ಲೋಹವು ನೀರಿಗೆ ಬಿಟ್ಟುಕೊಡುವುದು ಅದರ ಮೇಲ್ಮೈಯಿಂದ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡಿಗೆ ಆರು ಮುಖಗಳು, ಒಟ್ಟು ಮೇಲ್ಮೈ ಆರು ಚದರ ಸೆಂಟಿಮೀಟರ್. ಅದೇ ತುಂಡನ್ನು 10 ನ್ಯಾನೊಮೀಟರಿನ ತುಂಡುಗಳಾಗಿ ಕತ್ತರಿಸಲು ಸಾಧ್ಯವಾದರೆ ಎಲ್ಲವುಗಳ ಮೇಲ್ಮೈ ಸೇರಿ 600 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಹದಿನೈದು ಸೆಂಟ್ಸ್ ಜಾಗ. ತೂಕ ಅಷ್ಟೇ, ಮೈ ಮಾತ್ರ ಅಷ್ಟು ದೊಡ್ಡದು. ನ್ಯಾನೊ ಕಣದ ಗುಣದೋಷಗಳೆರಡರ ಬೇರೂ ಹೆಚ್ಚಿನ ಮಟ್ಟಿಗೆ ಇಲ್ಲಿಯೇ ಇದೆ.

ಚೂರಿಯ ಪರೀಕ್ಷೆ ಹೇಳುವ ಮಾತು

ಕರಗಿದ ತಾಮ್ರ ಬೇರೆ, ಕಣವಾಗಿರುವ ತಾಮ್ರ ಬೇರೆ. ಈ ಭೇದವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಅಡಿಕೆ ಬೆಳೆಗಾರರು ಈ ಭೇದವನ್ನು ಬಹಳ ಕಾಲದಿಂದ ಬಲ್ಲರು. ಮೈಲುತುತ್ತನ್ನು ನೀರಿಗೆ ಹಾಕಿದರೆ ಪೂರಾ ಕರಗುತ್ತದೆ. ಹಾಗೆಯೇ ಬಿಟ್ಟರೆ ಎಲೆ, ಹಿಂಗಾರ ಸುಟ್ಟುಹೋಗುವುದು. ಸುಣ್ಣದ ನೀರು ಸೇರಿದೊಡನೆ ಕರಗಿದ ತಾಮ್ರವು ನೀಲಿಯ ನುಣುಪಾದ ಗಸಿಯಾಗಿ ಗಟ್ಟಿಗೊಳ್ಳುತ್ತದೆ. ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಚೂರಿಯ ಮೇಲೆ ಕೆಂಪು ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆಯೆಂದು ಅರ್ಥ. ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಸ್ಟೇನ್‌ಲೆಸ್ ಸ್ಟೀಲಿನ ಚೂರಿ ಇದಕ್ಕೆ ಬಾರದು, ಹಳೆಯ ಕಬ್ಬಿಣದ್ದೇ ಆಗಬೇಕು.

ಹೀಗೆ ಗಸಿಯಾಗಿ ಕೂತ ತಾಮ್ರ ಮಳೆಗೂ ಗಾಳಿಗೂ ಒಡ್ಡಿಕೊಂಡು ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಕರಗಿ ಬರುವುದರಿಂದಲೇ ಕೊಳೆರೋಗದ ಬೀಜಾಣು ಸಾಯುವುದು. ಅಂದಮೇಲೆ ಕೇಳಬೇಕಾದ ಪ್ರಶ್ನೆ ಕಣ ಎಷ್ಟು ಸಣ್ಣದು ಎಂಬುದಷ್ಟೇ ಅಲ್ಲ. ಅದು ಎಲ್ಲಿ ಕರಗುತ್ತದೆ, ಎಷ್ಟು ಬೇಗ ಕರಗುತ್ತದೆ ಎಂಬುದು.

ತಿನ್ನದ ಜೀವಿ, ತಿನ್ನುವ ಜೀವಿ

ಒಂಟಿಕೋಶದ ಜೀವಿಗಳಲ್ಲಿ ಎರಡು ಪಂಗಡಗಳನ್ನು ನಾವು ಬೇರೆ ಮಾಡಿ ನೋಡಬೇಕು. ಹಸುರು ಪಾಚಿ ತಿನ್ನುವುದಿಲ್ಲ. ಬಿಸಿಲಿನಿಂದ ತಾನೇ ಆಹಾರ ಮಾಡಿಕೊಳ್ಳುತ್ತದೆ. ಅದಕ್ಕೆ ಸುತ್ತಲೂ ಒಂದು ಗೋಡೆಯುಂಟು. ಗೋಡೆಯ ರಂಧ್ರಗಳು 5ರಿಂದ 20 ನ್ಯಾನೊಮೀಟರಿನವು. ಆದುದರಿಂದ ಹೆಚ್ಚಿನ ಕಣಗಳು ಹೊರಗೇ ನಿಂತು ಗೋಡೆಗೆ ಅಂಟಿಕೊಳ್ಳುತ್ತವೆ. ಕರಗಿದ ಲೋಹ ಮಾತ್ರ ಸಲೀಸಾಗಿ ಒಳಗೆ ಹೋಗುತ್ತದೆ. ಪಾಚಿಗೂ ಬದುಕಲು ಚೂರು ತಾಮ್ರ, ಚೂರು ಸತು ಬೇಕೇ ಬೇಕು. ಅದಕ್ಕೆಂದೇ ಒಳಗಿನ ಪೊರೆಯಲ್ಲಿ ದಾರಿಗಳಿವೆ. ಬೇಡದಷ್ಟು ಲೋಹ ಬಂದಾಗಲೂ ಬರುವುದು ಆ ದಾರಿಯಿಂದಲೇ.

ಸಂಶೋಧಕರು ಪಾಚಿಯ ಮೈಯಲ್ಲಿ ಇಷ್ಟು ಲೋಹವಿತ್ತು ಎಂದು ಬರೆಯುವಾಗ ಗೋಡೆಗೆ ಅಂಟಿದ್ದೆಷ್ಟು, ಒಳಗೆ ಸೇರಿದ್ದೆಷ್ಟು ಎಂದು ಬೇರೆ ಮಾಡಿ ಹೇಳಿರುವರೇ ಎಂದು ಓದುಗರು ನೋಡಿಕೊಳ್ಳಬೇಕು. ಬೂದಿ ಮೆತ್ತಿದ ಸೌತೆಕಾಯಿಯನ್ನು ತೂಗಿ ಸೌತೆಕಾಯಿಯೊಳಗೆ ಬೂದಿಯಿದೆ ಎಂದ ಹಾಗಾಗಬಾರದು. ಪಾಚಿಯ ಕೋಶಗಳನ್ನು ಚೆನ್ನಾಗಿ ತೊಳೆದ ಮೇಲೆ ಉಳಿದದ್ದೇ ಒಳಗಿನ ಲೆಕ್ಕಕ್ಕೆ ಹತ್ತಿರ.

ಇನ್ನು ತಿನ್ನುವ ಪಂಗಡ. ಪ್ಯಾರಮೀಸಿಯಂ, ಅದಕ್ಕಿಂತ ಚಿಕ್ಕದಾದ ಟೆಟ್ರಹೈಮೀನ, ಇವುಗಳ ಮೈತುಂಬ ಸಣ್ಣ ರೋಮಗಳು. ರೋಮಗಳನ್ನು ಅಲೆಯಾಡಿಸಿ ನೀರನ್ನು ಒಂದು ಕಾಲುವೆಯಂಥ ಬಾಯಿಗೆ ಎಳೆದುಕೊಳ್ಳುತ್ತವೆ. ನೀರಿನಲ್ಲಿ ಬಂದ ಬ್ಯಾಕ್ಟೀರಿಯಾ, ಮಣ್ಣಿನ ಧೂಳು, ಇದ್ದಿಲಿನ ಪುಡಿ, ಎಲ್ಲವನ್ನೂ ಒಟ್ಟುಗೂಡಿಸಿ ಒಂದು ಗುಳ್ಳೆಯಂಥ ಚೀಲದಲ್ಲಿ ಕಟ್ಟಿ ಒಳಗೆ ಬಿಟ್ಟುಕೊಳ್ಳುತ್ತವೆ. ತಿನ್ನತಕ್ಕದ್ದು, ತಿನ್ನಬಾರದ್ದು ಎಂಬ ವಿವೇಚನೆ ಅವಕ್ಕೆ ಬಹಳ ಕಡಿಮೆ. ಗೋಡೆ ದಾಟುವ ಕಷ್ಟವೇ ಇಲ್ಲಿಲ್ಲ. ಕಣವು ಊಟದ ಜೊತೆ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ.

ಇದನ್ನು ಶಾಲೆಯ ಸೂಕ್ಷ್ಮದರ್ಶಕವಿದ್ದರೆ ಮಕ್ಕಳಿಗೂ ತೋರಿಸಬಹುದು. ಒಂದು ಹಿಡಿ ಬೈಹುಲ್ಲನ್ನು ನೀರಿನಲ್ಲಿ ಕುದಿಸಿ ಆರಿಸಿ, ಎರಡು ದಿನ ಬಿಟ್ಟು, ಅದಕ್ಕೆ ಮದಕದ ಅಡಿಯ ಕೆಸರು ಸೇರಿದ ಒಂದು ಲೋಟ ನೀರನ್ನು ಹಾಕಿ ಬಿಸಿಲು ಬೀಳದಲ್ಲಿ ಇಡಬೇಕು. ಒಂದು ವಾರದೊಳಗೆ ಪ್ಯಾರಮೀಸಿಯಂ ಬೇಕಾದಷ್ಟು ಆಗುತ್ತವೆ. ಒಂದು ತೊಟ್ಟು ನೀರನ್ನು ಗಾಜಿನ ಮೇಲಿಟ್ಟು, ಅವು ಓಡದಂತೆ ನಾಲ್ಕು ಎಳೆ ಹತ್ತಿಯನ್ನು ಬಿಡಿಸಿ ಹಾಕಿ, ಚಿತ್ರ ಬರೆಯುವ ಕಪ್ಪು ಇಂಡಿಯನ್ ಇಂಕನ್ನು ಸೂಜಿಯ ಮೊನೆಯಷ್ಟು ಸೇರಿಸಬೇಕು. ಪೆನ್ನಿನ ಶಾಯಿ ಬೇಡ, ಅದು ಬರಿಯ ಬಣ್ಣದ ನೀರು. ಇಂಡಿಯನ್ ಇಂಕಿನ ಕಪ್ಪು ಎಂದರೆ ಇಂಗಾಲದ ಅತಿ ಸೂಕ್ಷ್ಮ ಕಣಗಳೇ. ಕೆಲವೇ ನಿಮಿಷಗಳಲ್ಲಿ ಜೀವಿಯೊಳಗೆ ಒಂದೊಂದಾಗಿ ಕರಿಯ ಗುಳ್ಳೆಗಳು ತುಂಬಿಕೊಳ್ಳುವುದು ಕಾಣುತ್ತದೆ. ತಾಳ್ಮೆಯಿಂದ ಕೂತರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಮೊದಲಿನ ಗುಳ್ಳೆಗಳು ಮೈಯ ಹಿಂದಿನ ಒಂದು ಗೊತ್ತಾದ ಜಾಗದಿಂದ ಹೊರಗೆ ಹೋಗುವುದನ್ನೂ ನೋಡಬಹುದು. ನಾವು ನೋಡಿದ್ದೇವೆ, ಒಂದು ಮಧ್ಯಾಹ್ನ ಹೋದದ್ದು ತಿಳಿಯುವುದಿಲ್ಲ.

ಆದರೆ ಆ ಅರ್ಧ ಗಂಟೆಯಲ್ಲಿ ಗುಳ್ಳೆಯೊಳಗೆ ನಡೆಯುವ ಸಂಗತಿ ಮುಖ್ಯವಾದದ್ದು. ಊಟವನ್ನು ಜೀರ್ಣಿಸಲು ಜೀವಿಯು ಗುಳ್ಳೆಯನ್ನು ಮೊದಲು ಹುಳಿಯಾಗಿಸುತ್ತದೆ. ಪ್ಯಾರಮೀಸಿಯಂನಲ್ಲಿ ಅದು ಪಿ.ಎಚ್. 3ರ ವರೆಗೆ ಇಳಿಯುವುದುಂಟು. ಕಾಂಗೋ ರೆಡ್ ಎಂಬ ಬಣ್ಣದಲ್ಲಿ ಬೇಯಿಸಿದ ಈಸ್ಟನ್ನು ತಿನ್ನಿಸಿದರೆ ಕೆಂಪು ಗುಳ್ಳೆ ನೀಲಿಗೆ ತಿರುಗಿ, ಹುಳಿ ಕಡಿಮೆಯಾದಂತೆ ಮತ್ತೆ ಕೆಂಪಾಗುವುದನ್ನು ಕಣ್ಣಾರೆ ಕಾಣಬಹುದು.

ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ನೀರು ಇಡಬಹುದು, ಹುಳಿ ಮಜ್ಜಿಗೆ ಇಡಬಾರದು ಎಂದು ನಮ್ಮ ಮನೆಗಳಲ್ಲಿ ಹೇಳುತ್ತ ಬಂದಿರುವರು. ಹುಳಿ ತಾಗಿದರೆ ತಾಮ್ರ ಕರಗಿ ಬರುತ್ತದೆ. ಸೂಕ್ಷ್ಮಜೀವಿಯ ಊಟದ ಗುಳ್ಳೆಯೂ ಒಂದು ಹುಳಿ ಮಜ್ಜಿಗೆಯ ಪಾತ್ರೆಯೇ. ಹೊರಗೆ ಮದಕದ ನೀರಿನಲ್ಲಿ ಕರಗದೆ ಇದ್ದ ತಾಮ್ರದ ಕಣ ಇಲ್ಲಿ ಬಂದು ಕರಗತೊಡಗುತ್ತದೆ, ಅದೂ ಜೀವಿಯ ಮೈಯೊಳಗೇ.

ಪರೀಕ್ಷೆಗಳು ಏನು ತೋರಿಸಿದವು

ಆಸ್ಟ್ರೇಲಿಯದ ಸಂಶೋಧಕರು 2007ರಲ್ಲಿ ಸಿಹಿನೀರಿನ ಒಂದು ಹಸುರು ಪಾಚಿಗೆ ಸತುವನ್ನು ಮೂರು ರೂಪಗಳಲ್ಲಿ ಕೊಟ್ಟು ನೋಡಿದರು: ಸತುವಿನ ಆಕ್ಸೈಡಿನ ನ್ಯಾನೊ ಕಣ, ಅದೇ ಆಕ್ಸೈಡಿನ ಸಾಮಾನ್ಯ ಪುಡಿ, ಪೂರಾ ಕರಗುವ ಸತುವಿನ ಕ್ಲೋರೈಡ್. ಮೂರರಲ್ಲಿಯೂ ಪಾಚಿಯ ಬೆಳವಣಿಗೆ ಅರ್ಧಕ್ಕೆ ಇಳಿಯಲು ಬೇಕಾದ ಸತು ಒಂದೇ, ಲೀಟರಿಗೆ ಸುಮಾರು 60 ಮೈಕ್ರೋಗ್ರಾಂ. ಒಂದು ಗ್ರಾಂ ಸತು ಹದಿನಾರು ಸಾವಿರ ಲೀಟರಿಗೂ ಹೆಚ್ಚು ನೀರಿಗೆ ಸಾಕಾಗುವ ಲೆಕ್ಕವಿದು. ಗಾತ್ರದಿಂದ ಏನೂ ವ್ಯತ್ಯಾಸವಾಗಲಿಲ್ಲ, ಏತಕ್ಕೆಂದರೆ ಅಷ್ಟು ಸ್ವಲ್ಪ ಸತುವಿನ ಆಕ್ಸೈಡ್ ದಪ್ಪವಿದ್ದರೂ ಸಣ್ಣದಿದ್ದರೂ ನೀರಿನಲ್ಲಿ ಕರಗಿಹೋಗುತ್ತದೆ. ಪಾಚಿಯನ್ನು ಬಾಧಿಸಿದ್ದು ಕರಗಿದ ಸತು.

ತಾಮ್ರದ ಕತೆ ಹಾಗಲ್ಲ. ಎಸ್ಟೋನಿಯ ದೇಶದ ಟಾಲಿನ್ ನಗರದವರು 2010ರಲ್ಲಿ ತಿನ್ನುವ ಜೀವಿಯಾದ ಟೆಟ್ರಹೈಮೀನದ ಮೇಲೆ ಸತು, ತಾಮ್ರ ಎರಡನ್ನೂ ಪರೀಕ್ಷಿಸಿ ವರದಿ ಮಾಡಿದರು. ಸತುವಿನಲ್ಲಿ ಇಲ್ಲಿಯೂ ಗಾತ್ರದ ಭೇದ ಕಾಣಲಿಲ್ಲ. ತಾಮ್ರದ ಆಕ್ಸೈಡಿನಲ್ಲಿ ಮಾತ್ರ ನ್ಯಾನೊ ಕಣವು ಸಾಮಾನ್ಯ ಪುಡಿಗಿಂತ ಹತ್ತರಿಂದ ಇಪ್ಪತ್ತು ಪಟ್ಟು ಹೆಚ್ಚು ವಿಷವಾಯಿತು. ದಪ್ಪ ಪುಡಿ ಬಹಳ ಕಡಿಮೆ ಕರಗುತ್ತದೆ. ನುಣ್ಣಗೆ ಮಾಡಿದೊಡನೆ ಕರಗುವುದು ಏರುತ್ತದೆ. ಆದರೂ ತೂಕಕ್ಕೆ ತೂಕ ಹೋಲಿಸಿದರೆ ಪೂರಾ ಕರಗಿದ ತಾಮ್ರದ ಉಪ್ಪಿನಷ್ಟು ವಿಷ ನ್ಯಾನೊ ಕಣದಲ್ಲಿರಲಿಲ್ಲ. ಹೀಗಿರುವಲ್ಲಿ, ನ್ಯಾನೊ ಎಂಬ ಒಂದೇ ಹೆಸರಿನಡಿಯಲ್ಲಿ ಸತುವನ್ನೂ ತಾಮ್ರವನ್ನೂ ಸೇರಿಸಿ ಒಳ್ಳೆಯದೆಂದೋ ಕೆಟ್ಟದ್ದೆಂದೋ ಹೇಳುವ ಮಾತನ್ನು ಯಾರಾಡಿದರೂ, ಮಾರುವವರು ಆಡಿದರೂ ಬಯ್ಯುವವರು ಆಡಿದರೂ, ನಂಬಬೇಕಾಗಿಲ್ಲ.

ಬೆಳ್ಳಿಯ ವಿಚಾರವನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ನಾತ ಬಾರದಿರಲೆಂದು ಬಟ್ಟೆಗಳಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು ಸೇರಿಸುವುದುಂಟು. ಅಮೆರಿಕದ ಅರಿಜೋನದಲ್ಲಿ 2008ರಲ್ಲಿ ಅಂಥ ಕಾಲುಚೀಲಗಳನ್ನು ಒಗೆದು ನೋಡಿದಾಗ ಕೆಲವು ನಾಲ್ಕು ಒಗೆತಕ್ಕೇ ತಮ್ಮ ಬೆಳ್ಳಿಯನ್ನು ಬಹುಮಟ್ಟಿಗೆ ನೀರಿಗೆ ಬಿಟ್ಟುಕೊಟ್ಟವು. ಅದೇ ವರ್ಷ ಸ್ವಿಟ್ಜರ್ಲೆಂಡಿನವರು ಕ್ಲಾಮಿಡೊಮೊನಾಸ್ ಪಾಚಿಗೆ ಬೆಳ್ಳಿ ಕೊಟ್ಟು ನೋಡಿದರು. ಒಟ್ಟು ಬೆಳ್ಳಿಯ ಲೆಕ್ಕದಲ್ಲಿ ಕರಗುವ ಬೆಳ್ಳಿಯ ಉಪ್ಪು ಕಣಗಳಿಗಿಂತ ಹದಿನೆಂಟು ಪಟ್ಟು ವಿಷ. ಆದರೆ ನೀರಿನಲ್ಲಿ ಕರಗಿದ್ದ ಬೆಳ್ಳಿಯನ್ನು ಮಾತ್ರ ಲೆಕ್ಕ ಹಿಡಿದಾಗ ಕಣಗಳಿದ್ದಲ್ಲಿ ಪೆಟ್ಟು ಹೆಚ್ಚೆಂದು ಕಂಡಿತು. ಅಂದರೆ ಕಣವು ಪಾಚಿಯ ಮೈಗೆ ತಾಗಿ ಅಲ್ಲಿಯೇ ಬೆಳ್ಳಿಯನ್ನು ಬಿಟ್ಟುಕೊಡುತ್ತಿತ್ತು. ಗಂಧಕವುಳ್ಳ ಸಿಸ್ಟೀನ್ ಎಂಬ ವಸ್ತುವನ್ನು ನೀರಿಗೆ ಹಾಕಿದಾಗ ಅದು ಕರಗಿದ ಬೆಳ್ಳಿಯನ್ನೆಲ್ಲ ಹಿಡಿದಿಟ್ಟುಕೊಂಡಿತು. ಎರಡರ ವಿಷವೂ ಇಲ್ಲವಾಯಿತು. ಜೀವಿಗಳ ಒಳಗೂ ಇಂಥದೇ ಏರ್ಪಾಡುಂಟು. ಗಂಧಕವುಳ್ಳ ಸಣ್ಣ ಪ್ರೋಟೀನುಗಳನ್ನು ಮಾಡಿಕೊಂಡು ಮಿಕ್ಕಿದ ಲೋಹವನ್ನು ಅವು ಕಟ್ಟಿಹಾಕುತ್ತವೆ. ಕಟ್ಟಿಹಾಕಿದ ಲೋಹ ಜೀವಿಯನ್ನು ಕೊಲ್ಲುವುದಿಲ್ಲ, ಹೊರಗೂ ಹೋಗುವುದಿಲ್ಲ. ಆ ಜೀವಿಯನ್ನು ತಿಂದವನ ಪಾಲಿಗೆ ಅದು ಇದ್ದೇ ಇದೆ.

ಒಂದರಿಂದ ಇನ್ನೊಂದಕ್ಕೆ

ತಿಂದವನ ಮಾತು ಬಂದದ್ದರಿಂದ ಕ್ಯಾಲಿಫೋರ್ನಿಯದ ಸಾಂತ ಬಾರ್ಬರ ವಿಶ್ವವಿದ್ಯಾಲಯದಿಂದ 2011ರಲ್ಲಿ ಪ್ರಕಟವಾದ ಕೆಲಸವನ್ನು ಹೇಳಬೇಕು. ಅವರು ಕ್ಯಾಡ್ಮಿಯಂ ಮತ್ತು ಸೆಲೆನಿಯಂ ಸೇರಿದ ನ್ಯಾನೊ ಕಣಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ತೊಳೆದು, ಆ ಬ್ಯಾಕ್ಟೀರಿಯಾಗಳನ್ನು ಟೆಟ್ರಹೈಮೀನಕ್ಕೆ ಉಣಿಸಿದರು. ಟೆಟ್ರಹೈಮೀನದ ಮೈಯಲ್ಲಿ ಕ್ಯಾಡ್ಮಿಯಂ ಅದು ತಿಂದ ಬ್ಯಾಕ್ಟೀರಿಯಾಗಳಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಸಾಂದ್ರವಾಯಿತು. ಅಷ್ಟೇ ಅಲ್ಲ, ಅದರ ಜೀರ್ಣಶಕ್ತಿಯೇ ಕೆಟ್ಟಿತು. ಊಟದ ಗುಳ್ಳೆಗಳಲ್ಲಿ ತಿಂದ ಬ್ಯಾಕ್ಟೀರಿಯಾಗಳು ಜೀರ್ಣವಾಗದೆ ಹಾಗೆಯೇ ಉಳಿದವು. ಹೊಟ್ಟೆ ತುಂಬಿದೆ, ಊಟ ಮೈಗೆ ಹತ್ತುವುದಿಲ್ಲ ಎಂಬ ಸ್ಥಿತಿ.

ಎಲ್ಲ ಲೋಹವೂ ಹೀಗೆ ಮೇಲೇರುತ್ತ ಹೋಗುತ್ತದೆಂದು ಇದರಿಂದ ತಿಳಿಯಬಾರದು. ಚೀನದವರು 2010ರಲ್ಲಿ ಟೈಟಾನಿಯಂ ಆಕ್ಸೈಡಿನ ಕಣಗಳನ್ನು ನೀರುಚಿಗಟಗಳಿಗೆ ಕೊಟ್ಟು, ಅವುಗಳನ್ನು ಜೀಬ್ರಾ ಮೀನಿಗೆ ತಿನ್ನಿಸಿದಾಗ ಕಣ ಮೀನಿಗೆ ದಾಟಿತು, ಆದರೆ ಸಾಂದ್ರತೆ ಹೆಚ್ಚಲಿಲ್ಲ, ಬಹಳ ಕಡಿಮೆಯಾಯಿತು. ತಾಮ್ರ, ಸತು ಎರಡೂ ಪ್ರಾಣಿಗಳಿಗೆ ಬೇಕಾದವು. ಮೀನು ಅವುಗಳನ್ನು ಒಂದು ಹದದಲ್ಲಿ ಇಟ್ಟುಕೊಳ್ಳಬಲ್ಲುದು. ಪಾದರಸದಂತೆ ಅವು ಮೆಟ್ಟಿಲು ಮೆಟ್ಟಿಲಾಗಿ ಏರುವ ಲೋಹಗಳಲ್ಲ. ನೀರಿನಲ್ಲಿ ಕರಗಿದ ತಾಮ್ರ ಹೆಚ್ಚಿದರೆ ಮೀನಿಗೆ ಪೆಟ್ಟು ಬೀಳುವುದು ಕಿವಿರುಗಳಿಗೆ, ನೇರವಾಗಿ. ಅದಕ್ಕೂ ಮುಂಚೆ ಮರಿಗಳಿಗೆ ಊಟ ಒದಗಿಸುವ ಪಾಚಿ ಮತ್ತು ನೀರುಚಿಗಟಗಳು ಹೋಗಿರುತ್ತವೆ. ಮಂಜೇಶ್ವರದ ಕೃಷಿಕರ ಪ್ರಶ್ನೆಗೆ ನೇರ ಉತ್ತರ ಇದು.

ಮೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಮೂರು ಬಾಬುಗಳ ಲೆಕ್ಕ. ಒಳಗೆ ಬಂದದ್ದು ಜಮೆ. ಗುಳ್ಳೆಯೊಡನೆ ಹೊರಗೆ ಹೋದದ್ದು ಖರ್ಚು. ಮೂರನೆಯದನ್ನು ಜನ ಮರೆಯುತ್ತಾರೆ: ಈ ಜೀವಿಗಳು ಒಂದು ಎರಡಾಗಿ ಒಡೆದು ಬೆಳೆಯುವುದರಿಂದ ಪ್ರತಿ ಸಲವೂ ಒಳಗಿನ ಲೋಹ ಎರಡು ಪಾಲಾಗುತ್ತದೆ. ಚೆನ್ನಾಗಿ ಬೆಳೆಯುವ ಪಾಚಿಯಲ್ಲಿ ಒಂದೊಂದು ಕೋಶದ ಹೊರೆ ಹೀಗೆ ಇಳಿಯುತ್ತ ಹೋಗುತ್ತದೆ. ಬಿಸಿಲು ಸಾಲದೆ ಬೆಳವಣಿಗೆ ಮಂದವಾದಾಗ ಇಳಿಯುವುದಿಲ್ಲ. ನಾವು ಮದ್ದು ಬಿಡುವುದು ಮೋಡ ಕವಿದ ಆ ದಿನಗಳಲ್ಲಿಯೇ.

ನೀರಿನ ಗುಣ

ನೀರಿಗೆ ಬಿದ್ದ ಕಣ ಒಂಟಿಯಾಗಿ ತೇಲಿಕೊಂಡಿರುವುದು ಅಪರೂಪ. ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಕೆಸರಿಗೆ ಹತ್ತುತ್ತವೆ, ಅಡಿಗೆ ಕೂರುತ್ತವೆ. ಮೇಲಿನ ನೀರು ತಿಳಿಯಾದುದರಿಂದ ಎಲ್ಲ ಮುಗಿಯಿತೆಂದು ತಿಳಿಯುವ ಹಾಗಿಲ್ಲ. ತಿನ್ನುವ ಜೀವಿಗಳ ದೊಡ್ಡ ಸಂತೆ ಇರುವುದು ಅಡಿಯ ಕೆಸರಿನಲ್ಲಿ. ಅವು ತೀರಾ ಸಣ್ಣ ಕಣವನ್ನು ಅಷ್ಟಾಗಿ ಹಿಡಿಯಲಾರವು. ಬ್ಯಾಕ್ಟೀರಿಯಾದ ಗಾತ್ರದ ಗಂಟಾದರೆ ಸುಲಭವಾಗಿ ಹಿಡಿಯುತ್ತವೆ.

ಕಾಸರಗೋಡಿನ ಮುರಕಲ್ಲಿನ ಸೀಮೆಯಲ್ಲಿ, ಸುರಂಗದಿಂದ ಬಂದರೂ ಬಾವಿಯಿಂದ ಬಂದರೂ ನೀರು ಸಾಮಾನ್ಯವಾಗಿ ಮೃದು, ತುಸು ಹುಳಿಯ ಕಡೆಗೆ ವಾಲಿದ್ದು. ಇಂಥ ನೀರಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ಕರಗಿದ್ದು ಜೀವಿಗಳನ್ನು ಹೆಚ್ಚು ಬಾಧಿಸುತ್ತದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಓದುಗರ ಕರಿನೆಲದ ನೀರು ಗಡಸು, ಸುಣ್ಣದಂಶವುಳ್ಳದ್ದು. ದ್ರಾಕ್ಷಿಗೆ ಅವರೂ ತಾಮ್ರದ ಮದ್ದನ್ನೇ ಹೊಡೆಯುತ್ತಾರೆ. ಅಲ್ಲಿ ಅದೇ ತಾಮ್ರ ಕಡಿಮೆ ಕರಗಿ, ಬೇಗ ಗಂಟಾಗಿ ಕೃಷಿ ಹೊಂಡದ ಅಡಿಗೆ ಕೂರುತ್ತದೆ. ಆದರೆ ತೋಡಿನಂತೆ ಹರಿಯದ ಹೊಂಡದಲ್ಲಿ ಕೂತದ್ದು ಅಲ್ಲಿಯೇ ಉಳಿದು ವರ್ಷ ವರ್ಷವೂ ಸೇರುತ್ತ ಹೋಗುತ್ತದೆ. ಹೊಂಡದ ಹೂಳನ್ನು ತೆಗೆದು ಹೊಲಕ್ಕೆ ಹಾಕುವಾಗ ಒಂದೇ ಕಡೆ ರಾಶಿ ಹಾಕದೆ ಹರಡಿ ಹಾಕುವುದು ಲೇಸು.

ಡ್ರಮ್ಮು ತೊಳೆಯುವ ವಿಚಾರ

ಕೊನೆಗೆ ನಮ್ಮ ಕೈಯಲ್ಲಿರುವ ಸಂಗತಿ. ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತಿನ ಬೋರ್ಡೋ ದ್ರಾವಣದಲ್ಲಿ ಲೀಟರಿಗೆ ಹತ್ತು ಗ್ರಾಂ ಮೈಲುತುತ್ತು, ಅದರಲ್ಲಿ ಎರಡೂವರೆ ಗ್ರಾಂ ತಾಮ್ರ. ಡ್ರಮ್ಮಿನ ತಳದಲ್ಲಿ ಉಳಿದ ಒಂದೇ ಲೀಟರನ್ನು ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದು ಮೀಟರ್ ಆಳದ ಮದಕದಲ್ಲಿ ತೊಳೆದುಬಿಟ್ಟರೆ ಲೀಟರಿಗೆ 50 ಮೈಕ್ರೋಗ್ರಾಂ ತಾಮ್ರವಾಗುತ್ತದೆ. ಅದರಲ್ಲಿ ಬಹುಪಾಲು ಗಸಿಯಾಗಿ ಕೆಸರಿಗೆ ಸೇರುತ್ತದೆ ನಿಜ. ಆದರೆ ಪೂರಾ ಕರಗಿದ್ದಾದರೆ ಮೃದು ನೀರಿನ ಸೂಕ್ಷ್ಮ ಪಾಚಿಗಳು ಕುಗ್ಗಲು ಅಷ್ಟು ಸಾಕು. ಸುಣ್ಣ ಸಾಲದೆ ಚೂರಿಗೆ ಕೆಂಪು ಹತ್ತಿದ ದ್ರಾವಣವಾದರೆ ಕರಗಿದ ಪಾಲು ಮೊದಲೇ ಅದರಲ್ಲಿದೆ.

ಆದುದರಿಂದ ಡ್ರಮ್ಮು, ಪಂಪು, ಕೊಳವೆಗಳನ್ನು ತೋಡಿನ ಬದಿಯಲ್ಲಿಯೂ ಮದಕದ ಮೆಟ್ಟಿಲಿನಲ್ಲಿಯೂ ತೊಳೆಯಕೂಡದು. ತೊಳೆದ ನೀರನ್ನು ಮರುದಿನದ ಮದ್ದು ಕಲಸಲು ಉಪಯೋಗಿಸಬಹುದು. ಅದೇ ಕೊನೆಯ ದಿನವಾಗಿದ್ದರೆ ಆ ನೀರನ್ನು ತೋಟದಲ್ಲಿಯೇ, ಬಾವಿಯಿಂದಲೂ ಸುರಂಗದ ಬಾಯಿಯಿಂದಲೂ ದೂರಕ್ಕೆ, ಮಣ್ಣಿಗೆ ತೆಳುವಾಗಿ ಚೆಲ್ಲಬೇಕು. ಸೊಪ್ಪು ಗೊಬ್ಬರ ಸೇರಿದ ಮಣ್ಣು ತಾಮ್ರವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪ್ರತಿ ವರ್ಷ ಒಂದೇ ಬುಡಕ್ಕೆ ಚೆಲ್ಲುವುದು ಬೇಡ; ಎರೆಹುಳು ಅಲ್ಲಿಂದ ಜಾಗ ಬಿಡುತ್ತದೆ. ನ್ಯಾನೊ ತಾಮ್ರದ ಬಾಟಲಿಯನ್ನು ಪೋಷಣೆಗಾಗಿ ಕೊಂಡವರು ಅದರ ಮುಚ್ಚಳ ತೊಳೆಯುವಾಗಲೂ ಇದನ್ನೇ ಅನುಸರಿಸತಕ್ಕದ್ದು. ಬಾಟಲಿ ಚಿಕ್ಕದು, ಮುಚ್ಚಳ ಇನ್ನೂ ಚಿಕ್ಕದು ಎಂದು ತೋಡಿನಲ್ಲಿ ಅದ್ದಿ ತೆಗೆಯುವುದೇ ಸಾಮಾನ್ಯವಾಗಿ ನಡೆಯುತ್ತದೆ.